ಶಕ್ತಿಗೆ ತಕ್ಕ ತ್ಯಾಗ: ಜಠರ ಶಸ್ತ್ರಕ್ರಿಯೆಗೆ ಮುನ್ನ ಶ್ರಾವಕರ ಅಡುಗೆಮನೆ

ಪ್ರಥಮ ತೀರ್ಥಂಕರರಾದ ಭಗವಾನ್ ಆದಿನಾಥ ಸ್ವಾಮಿಗಳು ದೀಕ್ಷೆ ವಹಿಸಿ, ಆರು ತಿಂಗಳ ಉಪವಾಸವನ್ನು ಪೂರೈಸಿ, ಆಹಾರಚರ್ಯೆಗೆ ಹೊರಟ ಪ್ರಸಂಗವು ಶ್ರಾವಕರಿಗೆಲ್ಲ ಚಿರಪರಿಚಿತವಾದುದು. ಊರೂರಿನಲ್ಲಿ ಜನರು ಸ್ವಾಮಿಯನ್ನು ಕಂಡು ಭಕ್ತಿಯಿಂದ ಎದುರುಗೊಂಡರು. ಒಬ್ಬರು ಆನೆ ಕುದುರೆಗಳನ್ನು ತಂದರು. ಮತ್ತೊಬ್ಬರು ರತ್ನಾಭರಣಗಳನ್ನು ತಂದು ಪಾದದ ಬಳಿ ಇಟ್ಟರು. ಯಾರ ಭಕ್ತಿಯಲ್ಲಿಯೂ ಕೊರತೆಯಿರಲಿಲ್ಲ, ಯಾರ ಭಂಡಾರದಲ್ಲಿಯೂ ಕೊರತೆಯಿರಲಿಲ್ಲ. ಆದರೆ ಮುನಿಗೆ ಯೋಗ್ಯವಾದ ಆಹಾರ ಯಾವುದು, ಅದನ್ನು ಕೊಡುವ ಕ್ರಮ ಯಾವುದು ಎಂಬ ಅರಿವು ಯಾರಿಗೂ ಇರಲಿಲ್ಲ. ಹೀಗೆ ಮತ್ತೆ ತಿಂಗಳುಗಳು ಉರುಳಿದವು. ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮನಾದ ಶ್ರೇಯಾಂಸನಿಗೆ ಪೂರ್ವಭವದ ಸ್ಮರಣೆಯುಂಟಾಗಿ, ಆಹಾರದಾನದ ವಿಧಿಯು ಹೊಳೆದು, ಅವನು ಸ್ವಾಮಿಯ ಅಂಜಲಿಗೆ ಕಬ್ಬಿನ ರಸವನ್ನು ನೀಡಿದನು. ಆ ದಿನವೇ ಅಕ್ಷಯ ತದಿಗೆಯೆಂದು ಇಂದಿಗೂ ಆಚರಣೆಯಲ್ಲಿದೆ. ಜಿನಸೇನಾಚಾರ್ಯರ ಆದಿಪುರಾಣವೂ, ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಕನ್ನಡ ಆದಿಪುರಾಣವೂ ಈ ಮಹಾತ್ಮರ ಚರಿತ್ರೆಯನ್ನೇ ಹೇಳುವ ಗ್ರಂಥಗಳು.

ಈ ಪ್ರಸಂಗವನ್ನು ದಾನದ ಮಹಿಮೆಗಾಗಿ ಹೇಳುವುದು ರೂಢಿ. ಆದರೆ ಗೃಹಸ್ಥರು ಗಮನಿಸಬೇಕಾದ ಇನ್ನೊಂದು ಮಾತು ಅದರಲ್ಲಿ ಅಡಗಿದೆ. ಮನೆ ತುಂಬಿರುವುದು ಬೇರೆ, ಅಡುಗೆಮನೆ ಸಿದ್ಧವಾಗಿರುವುದು ಬೇರೆ. ಹಸಿದವರ ದೇಹಸ್ಥಿತಿಗೆ ಯಾವುದು ಯೋಗ್ಯವೋ ಅದು ತಕ್ಕ ಕಾಲದಲ್ಲಿ, ತಕ್ಕ ಪ್ರಮಾಣದಲ್ಲಿ, ತಿಳಿದವರ ಕೈಯಲ್ಲಿ ಇಲ್ಲದಿದ್ದರೆ ಉಗ್ರಾಣದಲ್ಲಿ ನೂರು ವಸ್ತುಗಳಿದ್ದೂ ಪ್ರಯೋಜನವಿಲ್ಲ. ಈ ಮಾತು ಇಂದು ಬೆಂಗಳೂರಿನ ಅನೇಕ ಶ್ರಾವಕ ಮನೆಗಳಿಗೆ ಅನಿರೀಕ್ಷಿತವಾದ ರೀತಿಯಲ್ಲಿ ಅನ್ವಯಿಸುತ್ತಿದೆ.

1948ರಲ್ಲಿ ಅಸ್ತಿವಾರ ಕಂಡ ಜಯನಗರದಲ್ಲಿಯೂ, ಅದರ ಬಳಿಕ ಬೆಳೆದ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿಯೂ ನಾಡಿನ ನಾನಾ ಭಾಗಗಳಿಂದ ಬಂದ ದಿಗಂಬರ ಜೈನ ಕುಟುಂಬಗಳು ನೆಲೆಸಿವೆ. ಹಿರಿಯರು ಹೊಲ ತೋಟಗಳಲ್ಲಿ ನಡೆದಾಡಿ ಅರಗಿಸಿಕೊಂಡ ಆಹಾರವನ್ನೇ ಮಕ್ಕಳು ಕುರ್ಚಿಯಲ್ಲಿ ಕುಳಿತು ಉಣ್ಣುತ್ತಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಮುಂತಾದವು ದೇಹಭಾರದೊಡನೆ ಸೇರಿಕೊಂಡಾಗ, ಇತರ ಉಪಾಯಗಳು ಫಲಿಸದ ಕೆಲವರಿಗೆ ವೈದ್ಯರು ಜಠರವನ್ನು ಕಿರಿದುಗೊಳಿಸುವ ಶಸ್ತ್ರಕ್ರಿಯೆಯನ್ನು ಸೂಚಿಸುತ್ತಾರೆ.

ಜಯನಗರದ ಒಂದು ಮನೆಯನ್ನು ದೃಷ್ಟಾಂತವಾಗಿ ಭಾವಿಸಬಹುದು. ಗೃಹಿಣಿಗೆ ಐವತ್ತು ವರ್ಷ ಸಮೀಪಿಸಿದೆ. ಇಪ್ಪತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗ. ಕಂದಮೂಲ ಮನೆಯೊಳಗೆ ಬಂದಿಲ್ಲ. ದಶಲಕ್ಷಣ ಪರ್ವದ ಹತ್ತು ದಿನವೂ ಏಕಾಶನ. ಆದರೂ ದೇಹಭಾರ ಇಳಿಯಲಿಲ್ಲ, ಸಕ್ಕರೆ ಕಾಯಿಲೆ ಹತೋಟಿಗೆ ಬರಲಿಲ್ಲ. ಶಸ್ತ್ರಕ್ರಿಯೆಯ ಮಾತು ಬಂದಾಗ ಅತ್ತೆ ನೊಂದು, "ಇಷ್ಟೊಂದು ವ್ರತ ಮಾಡಿದವಳಿಗೆ ಹೊಟ್ಟೆ ಕೊಯ್ಯಿಸಿಕೊಳ್ಳುವ ಗತಿ ಏಕಮ್ಮ ಬಂತು? ಇನ್ನೆರಡು ಉಪವಾಸ ಹೆಚ್ಚು ಮಾಡಿದರಾಗದೆ?" ಎನ್ನುತ್ತಾರೆ. ಸೊಸೆಗೆ ಬೇರೊಂದು ಭಯ: "ಅತ್ತೆ, ಕೊಯ್ಯುವುದಕ್ಕೆ ನನಗೆ ಹೆದರಿಕೆಯಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ನೀರು ಕುಡಿಸಿದರೆ ವ್ರತ ಏನಾಗುತ್ತದೆ? ಕೊಡುವ ಔಷಧದಲ್ಲಿ ಏನಿರುತ್ತದೆಯೋ ಯಾರಿಗೆ ಗೊತ್ತು?" ಈ ಎರಡು ಪ್ರಶ್ನೆಗಳೂ ಸಾಧುವಾದವು. ಎರಡಕ್ಕೂ ಉತ್ತರವನ್ನು ಶಸ್ತ್ರಕ್ರಿಯೆಯ ನಂತರ ಹುಡುಕುವುದಲ್ಲ, ಮುಂಚೆಯೇ ಅಡುಗೆಮನೆಯಲ್ಲಿ ನಿಂತು ಕಂಡುಕೊಳ್ಳಬೇಕು.

ಅತ್ತೆಯ ಪ್ರಶ್ನೆಯನ್ನು ಮೊದಲು ನೋಡಬೇಕು. ಸ್ಥೂಲತೆಯು ಕೇವಲ ಜಿಹ್ವಾಲೋಲುಪತೆಯ ಫಲವೆಂದು ತಿಳಿಯುವುದು ತಪ್ಪು. ತೂಕ ಇಳಿಯತೊಡಗಿದಾಗ ದೇಹವು ಹಸಿವನ್ನು ಹೆಚ್ಚಿಸಿ, ಶಕ್ತಿಯ ವ್ಯಯವನ್ನು ತಗ್ಗಿಸಿ, ಹಳೆಯ ಭಾರಕ್ಕೆ ಮರಳಲು ಹೆಣಗುತ್ತದೆ. ವಂಶ, ವಯಸ್ಸು, ಕೆಲವು ಔಷಧಗಳು ಇವೂ ಕಾರಣಗಳೇ. ಜಠರದ ಮೇಲ್ಭಾಗದಲ್ಲಿ ಹೆಚ್ಚಾಗಿ ಉತ್ಪತ್ತಿಯಾಗುವ ಗ್ರೆಲಿನ್ ಎಂಬ ರಸವು ಮೆದುಳಿಗೆ ಹಸಿವಿನ ಸೂಚನೆ ಕೊಡುತ್ತದೆ. ಇಂದು ಹೆಚ್ಚಾಗಿ ನಡೆಯುವ ಒಂದು ಶಸ್ತ್ರಕ್ರಿಯೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಅದನ್ನು ತೋಳಿನಂತಹ ಕಿರಿದಾದ ನಾಳವನ್ನಾಗಿ ಮಾಡುತ್ತಾರೆ. ಅದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿಲಿಲೀಟರ್ ಮಾತ್ರ. ಇನ್ನೊಂದರಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಮಾಡಿ ಅದನ್ನು ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಈ ಬಗೆಯ ಶಸ್ತ್ರಕ್ರಿಯೆಯನ್ನು 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದರು. ರೋಗವು ಅಸಾತಾವೇದನೀಯ ಕರ್ಮದ ಉದಯ. ಅದಕ್ಕೆ ಚಿಕಿತ್ಸೆ ಪಡೆಯುವುದು ಅಧರ್ಮವಲ್ಲ. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದ ಮತದಲ್ಲಿ ಔಷಧ ಸೇವನೆಯನ್ನು ನಾಚಿಕೆಯ ವಿಷಯವೆನ್ನಲು ಹೇಗೆ ಸಾಧ್ಯ?

ಹಾಗೆಂದು ಶಸ್ತ್ರಕ್ರಿಯೆಯನ್ನು ತಪಸ್ಸೆಂದೂ ಎಣಿಸಲಾಗದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಆರು ಬಾಹ್ಯ ತಪಗಳಲ್ಲಿ ಅನಶನವು ಮೊದಲನೆಯದು, ಅವಮೌದರ್ಯವು ಎರಡನೆಯದು. ಪುರುಷನಿಗೆ ಮೂವತ್ತೆರಡು, ಸ್ತ್ರೀಗೆ ಇಪ್ಪತ್ತೆಂಟು ಕವಳ ಪೂರ್ಣಾಹಾರವೆಂದು ಪರಂಪರೆಯ ಲೆಕ್ಕ. ಅದಕ್ಕಿಂತ ಇಚ್ಛಾಪೂರ್ವಕವಾಗಿ ಕಡಿಮೆ ಉಣ್ಣುವುದೇ ಅವಮೌದರ್ಯ. ಇಚ್ಛಾಪೂರ್ವಕ ಎಂಬ ಪದವೇ ಇಲ್ಲಿ ಮುಖ್ಯ. ಜಠರ ಕಿರಿದಾಗುವುದು ಶಸ್ತ್ರದಿಂದ. ತೃಷ್ಣೆ ಕಿರಿದಾಗುವುದು ವಿವೇಕದಿಂದ. ಜಠರ ಕಿರಿದಾದ ಮೇಲೂ ಗುಟುಕು ಗುಟುಕಾಗಿ ದಿನವಿಡೀ ಸಿಹಿ ಪಾನಕ ಕುಡಿದು, ಚಿಟಿಕೆ ಚಿಟಿಕೆಯಾಗಿ ಕರಿದ ತಿಂಡಿ ಮೆದ್ದು, ಇಳಿದ ತೂಕವನ್ನು ಮರಳಿ ಪಡೆದವರುಂಟು. ಆದುದರಿಂದ ಶಸ್ತ್ರವೈದ್ಯರು ತಮ್ಮ ಕೆಲಸ ಮಾಡುವ ಮೊದಲೇ ಮನೆಯವರು ತಮ್ಮ ಕೆಲಸ ಮಾಡಬೇಕು. ಆ ಕೆಲಸದ ಕ್ಷೇತ್ರ ಅಡುಗೆಮನೆ.

ಶಸ್ತ್ರಕ್ರಿಯೆಗೆ ಸುಮಾರು ಎರಡು ವಾರ ಮುಂಚಿನಿಂದ ವೈದ್ಯರು ಅನ್ನ, ಸಿಹಿ, ಎಣ್ಣೆ ತುಪ್ಪಗಳನ್ನು ಬಹಳ ಕಡಿಮೆ ಮಾಡಿಸುತ್ತಾರೆ. ಇದಕ್ಕೆ ಕಾರಣವಿದೆ. ಯಕೃತ್ತಿನ ಎಡಭಾಗವು ಜಠರದ ಮೇಲೆ ಹರಡಿಕೊಂಡಿರುತ್ತದೆ. ಸ್ಥೂಲಕಾಯರಲ್ಲಿ ಅದು ಕೊಬ್ಬು ತುಂಬಿ ಉಬ್ಬಿರುತ್ತದೆ. ಆಹಾರ ಮಿತವಾದಾಗ ಅದು ಕುಗ್ಗಿ ಮೃದುವಾಗಿ, ಅದನ್ನು ಪಕ್ಕಕ್ಕೆ ಸರಿಸಿ ಕೆಲಸ ಮಾಡಲು ವೈದ್ಯರಿಗೆ ಸುಲಭವಾಗುತ್ತದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದೆರಡನ್ನು ಬಿಟ್ಟು ಉಣ್ಣುವ ರಸಪರಿತ್ಯಾಗವನ್ನು ಬಲ್ಲ ಶ್ರಾವಕಿಗೆ ಇದು ಹೊಸದೇನಲ್ಲ. ತುಪ್ಪ, ಎಣ್ಣೆ, ಸಿಹಿ ಈ ಮೂರರ ತ್ಯಾಗವನ್ನು ಎರಡು ವಾರದ ನಿಯಮವಾಗಿ ಸ್ವೀಕರಿಸಿದರೆ ವೈದ್ಯರ ಕಟ್ಟಳೆಯೇ ವ್ರತವಾಗುತ್ತದೆ. ಆದರೆ ಹಾಲು ಮೊಸರುಗಳನ್ನು ತಾನಾಗಿಯೇ ಬಿಡಬಾರದು, ಆ ದಿನಗಳಲ್ಲಿ ದೇಹಕ್ಕೆ ಸಸಾರಜನಕ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆಹಾರ ಕಡಿಮೆಯಾದ ದಿನವೇ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ಇಲ್ಲವಾದರೆ ರಕ್ತದಲ್ಲಿ ಸಕ್ಕರೆ ಹಠಾತ್ತನೆ ಇಳಿಯುವ ಅಪಾಯವಿದೆ.

ಇದೇ ಎರಡು ವಾರ ಅಡುಗೆಮನೆಯನ್ನು ಸಜ್ಜುಗೊಳಿಸುವ ಕಾಲ. ಮೊದಲು ಹೊರಹೋಗಬೇಕಾದುದು ಹೋಗಲಿ. ಹಬ್ಬಕ್ಕೆ ಮಾಡಿ ಉಳಿದ ಚಕ್ಕುಲಿ, ಕೋಡುಬಳೆ, ಉಂಡೆಗಳು, ಸಕ್ಕರೆ ಬೆರೆತ ಪಾನೀಯದ ಪುಡಿಗಳು, ಸೋಡಾ ಶೀಸೆಗಳು ರೋಗಿಯ ಕಣ್ಣೆದುರಿನಿಂದ ಸರಿಯಬೇಕು. ಮರ್ಯಾದೆಯ ಅವಧಿಯೊಳಗಿರುವುದನ್ನು ಅಗತ್ಯವುಳ್ಳವರಿಗೆ ಕೊಟ್ಟರೆ ಅದು ಆಹಾರದಾನ. ಅವಧಿ ಮೀರಿದುದನ್ನು ಕೊಡುವುದು ದಾನವಲ್ಲ. ತನಗೆ ಅಭಕ್ಷ್ಯವಾದುದು ಪರರಿಗೆ ಭಕ್ಷ್ಯವಾಗಲಾರದು. ಮನೆಯ ಮಕ್ಕಳಿಗೆಂದು ಸಿಹಿ ಇರಲೇಬೇಕಾದರೆ ಅದಕ್ಕೆ ಬೇರೆ ಕಪಾಟು ಇರಲಿ. 1980ರ ದಶಕದಲ್ಲಿ ಜಯನಗರದಲ್ಲಿ ಆರಂಭವಾಗಿ ಊರೆಲ್ಲ ಹಬ್ಬಿದ ದರ್ಶಿನಿಗಳಿಂದ ಪೊಟ್ಟಣ ತರುವ ಅಭ್ಯಾಸಕ್ಕೂ, ಚಳಿಗಾಲದಲ್ಲಿ ಹಿದುಕಿದ ಬೇಳೆಯ ಔತಣಕ್ಕೂ ಮನೆಯವರೆಲ್ಲರೂ ಕೆಲವು ತಿಂಗಳು ಬಿಡುವು ಕೊಡುವುದು ಲೇಸು.

ಬಳಿಕ ಒಳಬರಬೇಕಾದುದರ ವಿಚಾರ. ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಒಂದು ತಿಂಗಳಿಗೆ ಬೇಕಾದ ಪುಡಿ, ಹಿಟ್ಟುಗಳನ್ನು ಮೊದಲೇ ಮಾಡಿಟ್ಟುಕೊಳ್ಳಿರೆಂದು ಆಸ್ಪತ್ರೆಗಳಲ್ಲಿ ಹೇಳುವುದುಂಟು. ಆದರೆ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಪರಿಹಾರ ಸರಳವಾದುದು: ಸಂಗ್ರಹವು ಇಡೀ ಕಾಳು ಬೇಳೆಗಳದ್ದಾಗಿರಲಿ, ಪುಡಿ ಮಾಡುವುದು ಆಯಾ ದಿನಕ್ಕೆ ಬೇಕಾದಷ್ಟೇ ಇರಲಿ. ಹೆಸರುಬೇಳೆ, ತೊಗರಿಬೇಳೆ, ಹುರಿಗಡಲೆ, ರಾಗಿ, ಜೀರಿಗೆ, ಒಣಶುಂಠಿ ಇವುಗಳನ್ನು ಆರಿಸಿ, ಬಿಸಿಲಿಗೆ ಹಾಕಿ, ಮುಚ್ಚಳ ಭದ್ರವಾದ ಡಬ್ಬಿಗಳಲ್ಲಿ ತುಂಬಿಡಬೇಕು. ರೋಗಿ ಮನೆಗೆ ಬಂದ ಮೇಲೆ ಆರಿಸುವುದಕ್ಕೆ ಯಾರಿಗೂ ಬಿಡುವು ಇರುವುದಿಲ್ಲ. ಶೋಧನೆಯಿಲ್ಲದ ಧಾನ್ಯದಲ್ಲಿ ಜೀವಹಿಂಸೆಯ ದೋಷ ತಪ್ಪದು. ಅಗತ್ಯ ಮೀರಿ ತುಂಬಿಡುವುದು ಪರಿಗ್ರಹ ಮಾತ್ರವಲ್ಲ, ಕಿರಿದಾದ ಜಠರಕ್ಕೆ ನಿರುಪಯೋಗಿಯೂ ಹೌದು. ಗಾಂಧಿಬಜಾರಿನಲ್ಲಿ ಸೋರೆ, ಹೀರೆ, ಪಡವಲ, ಸೀಮೆಬದನೆಗಳು ದಿನವೂ ಸಿಗುವಾಗ ವಾರದ ತರಕಾರಿಯನ್ನು ಶೀತಪೆಟ್ಟಿಗೆಯಲ್ಲಿ ಪೇರಿಸುವ ಅಗತ್ಯವೂ ಇಲ್ಲ.

ಪಾತ್ರೆಗಳೂ ಬದಲಾಗಬೇಕು. ದೊಡ್ಡ ತಟ್ಟೆ, ದೊಡ್ಡ ಲೋಟ ಹಳೆಯ ಪ್ರಮಾಣವನ್ನು ಕೈಗೆ ನೆನಪಿಸುತ್ತವೆ. 100 ಮಿಲಿಲೀಟರ್ ಹಿಡಿಯುವ ಎರಡು ಬಟ್ಟಲು, 30 ಮಿಲಿಲೀಟರಿನ ಅಳತೆಯ ಚಿಕ್ಕ ಲೋಟ, ಚಿಕ್ಕ ಚಮಚ, ನಯವಾದ ಜಾಲರಿ, ಮಿಕ್ಸಿಯ ಸಣ್ಣ ಜಾರು, ಉಕ್ಕಿನ ಫ್ಲಾಸ್ಕು ಇಷ್ಟಿದ್ದರೆ ಸಾಕು. ಮಿಕ್ಸಿಯ ಜಾರನ್ನು ಬಳಸಿದೊಡನೆ ತೊಳೆದು ಒಣಗಿಸಬೇಕು. ಅಲಗಿನಡಿಯಲ್ಲಿ ಉಳಿದ ಅಂಶದಲ್ಲಿ ಜೀವೋತ್ಪತ್ತಿಯಾಗುವುದು, ಅದೇ ರೋಗಿಗೂ ಅಪಾಯವಾಗುವುದು.

ಆಹಾರವನ್ನು ಖಾದ್ಯ, ಸ್ವಾದ್ಯ, ಲೇಹ್ಯ, ಪೇಯವೆಂದು ನಾಲ್ಕು ವಿಧವಾಗಿ ವಿಂಗಡಿಸುವುದು ಶ್ರಾವಕರಿಗೆ ಗೊತ್ತಿದೆ. ಶಾಸ್ತ್ರಕಾರರು ಇದನ್ನು ತ್ಯಾಗದ ಲೆಕ್ಕಕ್ಕಾಗಿ ಹೇಳಿದರೂ, ಶಸ್ತ್ರಕ್ರಿಯೆಯ ನಂತರದ ಕ್ರಮವನ್ನು ನೆನಪಿಡಲು ಇದು ಅನುಕೂಲವಾಗಿದೆ. ಮೊದಲನೆಯದು ಪೇಯ. ಮೊದಲ ಒಂದೆರಡು ದಿನ ತಿಳಿಯಾದ ದ್ರವ ಮಾತ್ರ: ಕಾಯಿಸಿ ಆರಿಸಿದ ನೀರು, ಹೆಸರುಬೇಳೆಯ ಸೋಸಿದ ತಿಳಿಗಟ್ಟು, ಸೋರೆಕಾಯಿ ಬೇಯಿಸಿದ ತಿಳಿರಸ. ಅನಂತರ ಎರಡು ವಾರ ತುಂಬುವವರೆಗೆ ಕೆನೆ ತೆಗೆದ ಹಾಲು, ನೀರುಮಜ್ಜಿಗೆ, ನಯವಾಗಿ ಸೋಸಿದ ಬೇಳೆಯ ಕಟ್ಟು. ಎರಡನೆಯದು ಲೇಹ್ಯ. ಮೂರು ನಾಲ್ಕನೆಯ ವಾರಗಳಲ್ಲಿ ಅರೆದು ನುಣುಪಾದ ತೊವ್ವೆ, ಕಿವುಚಿದ ಪನೀರ್, ಗಟ್ಟಿ ಮೊಸರು, ಬೇಯಿಸಿ ಅರೆದ ತರಕಾರಿ. ಮೂರನೆಯದು ಖಾದ್ಯ. ಐದು ಆರನೆಯ ವಾರಗಳಲ್ಲಿ ಮೃದುವಾದುದು, ಎರಡು ತಿಂಗಳ ಹೊತ್ತಿಗೆ ಸಾಮಾನ್ಯವಾದುದು. ಆಗಲೂ ಪ್ರತಿ ತುತ್ತನ್ನು ಇಪ್ಪತ್ತು ಮೂವತ್ತು ಬಾರಿ ಅಗಿದು, ಹೊಟ್ಟೆ ತುಂಬಿದ ಮೊದಲ ಸೂಚನೆಗೇ ಕೈ ತೊಳೆಯಬೇಕು. ಖಾರ, ಹುಳಿ, ಒಗ್ಗರಣೆಯ ಸ್ವಾದ್ಯಗಳು ಕಟ್ಟಕಡೆಗೆ. ಇದು ಸ್ಥೂಲವಾದ ಕ್ರಮ. ಶಸ್ತ್ರಕ್ರಿಯೆಯ ಬಗೆಯನ್ನು ಅನುಸರಿಸಿ ವೈದ್ಯರು ಬರೆದುಕೊಟ್ಟ ಹಾಳೆಯೇ ಪ್ರಮಾಣ. ಆದಿನಾಥ ಸ್ವಾಮಿಯ ಪಾರಣೆ ಕಬ್ಬಿನ ರಸದಿಂದಾಯಿತೆಂದು ಭಕ್ತಿಯಿಂದ ಅದನ್ನೇ ರೋಗಿಗೆ ಕೊಡುವಂತಿಲ್ಲ. ಸಿಹಿಯು ಕಿರಿದಾದ ಜಠರದಿಂದ ಬೇಗನೆ ಕರುಳಿಗೆ ಜಾರಿ ಬೆವರು, ಎದೆಬಡಿತ, ತಲೆಸುತ್ತುಗಳನ್ನು ಉಂಟುಮಾಡಬಲ್ಲದು. ಆ ಪ್ರಸಂಗದಿಂದ ಕಲಿಯಬೇಕಾದುದು ರಸವನ್ನಲ್ಲ, ಯೋಗ್ಯತೆಯನ್ನು.

ಆಸ್ಪತ್ರೆಯ ಹಾಳೆಯನ್ನು ಶ್ರಾವಕರು ಮೊದಲೇ ಓದಿ ಗುರುತು ಹಾಕಬೇಕು. ಅದು ಎಲ್ಲ ಜನರಿಗಾಗಿ ಬರೆದುದು. ಅದರಲ್ಲಿ ಮೊಟ್ಟೆಯ ಬಿಳಿಭಾಗ, ಮಾಂಸದ ತಿಳಿಸಾರು, ಜೇನು ಬೆರೆಸಿದ ಬಿಸಿನೀರು, ಮೊಳಕೆ ಕಾಳು, ಅಣಬೆ, ಗಜ್ಜರಿ, ಆಲೂಗಡ್ಡೆ ಇರಬಹುದು. ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣ. ಅದಕ್ಕೆ ಇಲ್ಲಿ ಯಾವ ಭಂಗವೂ ಬೇಕಾಗಿಲ್ಲ, ಏಕೆಂದರೆ ಪ್ರತಿಯೊಂದಕ್ಕೂ ಬದಲಿ ಇದೆ. ವಯಸ್ಕರಿಗೆ ದಿನಕ್ಕೆ ಸಾಮಾನ್ಯವಾಗಿ ಕನಿಷ್ಠ 60 ಗ್ರಾಂ ಸಸಾರಜನಕ ಬೇಕೆಂದು ವೈದ್ಯರು ಹೇಳುತ್ತಾರೆ. ಅರ್ಧ ಲೀಟರು ಕೆನೆ ತೆಗೆದ ಹಾಲಿನಲ್ಲಿ ಸುಮಾರು 17 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, 50 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 12 ಗ್ರಾಂ, 20 ಗ್ರಾಂ ಕೆನೆರಹಿತ ಹಾಲಿನ ಪುಡಿಯಲ್ಲಿ ಸುಮಾರು 7 ಗ್ರಾಂ, 150 ಗ್ರಾಂ ಮೊಸರಿನಲ್ಲಿ ಸುಮಾರು 5 ಗ್ರಾಂ. ಎಲ್ಲ ಸೇರಿದರೆ 59 ಗ್ರಾಂ. ಒಂದು ಹಿಡಿ ಹುರಿಗಡಲೆಯ ಪುಡಿ ಕೊರತೆಯನ್ನು ತುಂಬುತ್ತದೆ. ಆದರೆ ಮೊದಲ ವಾರಗಳಲ್ಲಿ ಇಷ್ಟನ್ನು ಜಠರ ಹಿಡಿಯಲಾರದು. ಆಗ ಹಾಲಿನಿಂದ ಬೇರ್ಪಡಿಸಿದ ಸಸಾರಜನಕದ ಪುಡಿ ಅನಿವಾರ್ಯವಾಗಬಹುದು. ಚೀಸ್ ತಯಾರಿಕೆಯಲ್ಲಿ ಉಳಿಯುವ ನೀರಿನಿಂದ ಇದನ್ನು ಮಾಡುತ್ತಾರೆ. ಹಾಲು ಒಡೆಸಲು ಕರುವಿನ ಜಠರದ ರಸವನ್ನು ಬಳಸುವ ಪದ್ಧತಿಯೂ ಇರುವುದರಿಂದ, ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಗುರುತನ್ನು ನೋಡುವುದಲ್ಲದೆ ತಯಾರಕರನ್ನು ಪತ್ರಮುಖೇನ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಇದಕ್ಕೆ ಸಮಯ ಬೇಕು. ಆದುದರಿಂದಲೇ ಮುಂಚಿತ ಸಿದ್ಧತೆ.

ದ್ವಿದಳ ದೋಷವನ್ನು ಪಾಲಿಸುವ ಮನೆಗಳಲ್ಲಿ ಬೇಳೆಯನ್ನು ಮೊಸರು ಮಜ್ಜಿಗೆಗಳೊಡನೆ ಬೆರೆಸುವಂತಿಲ್ಲ. ಕಿರಿದಾದ ಜಠರ ಒಮ್ಮೆಗೆ ಒಂದೇ ವಸ್ತುವನ್ನು ಬೇಡುವುದರಿಂದ ಈ ನಿಯಮ ಭಾರವಾಗದು. ಬೆಳಿಗ್ಗೆ ಹಾಲು, ಮಧ್ಯಾಹ್ನಕ್ಕೆ ಮುನ್ನ ಬೇಳೆ, ಮಧ್ಯಾಹ್ನದ ಬಳಿಕ ಮೊಸರು, ಸಂಜೆ ಸೂರ್ಯಾಸ್ತಕ್ಕೆ ಮುನ್ನ ಪನೀರ್ ಎಂದು ಹೊತ್ತುಗಳನ್ನು ಬೇರ್ಪಡಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದರೆ ಅಡುಗೆಯವರು ಯಾರೇ ಇರಲಿ, ಕ್ರಮ ತಪ್ಪದು.

ಈಗ ಸೊಸೆಯ ಪ್ರಶ್ನೆ. ಶಸ್ತ್ರಕ್ರಿಯೆಯ ನಂತರ ದಿನಕ್ಕೆ ಸುಮಾರು ಒಂದೂವರೆ ಲೀಟರು ದ್ರವ ದೇಹಕ್ಕೆ ಬೇಕು. ಆದರೆ ಒಮ್ಮೆಗೆ ಒಂದು ಲೋಟ ಕುಡಿಯಲಾಗದು, ಊಟದೊಡನೆಯೂ ಕುಡಿಯಬಾರದು, ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರ ಬೇಕು. ಸೂರ್ಯೋದಯದ ಬಳಿಕ ಎರಡು ಗಳಿಗೆ, ಸೂರ್ಯಾಸ್ತಕ್ಕೆ ಮುನ್ನ ಎರಡು ಗಳಿಗೆ ಬಿಟ್ಟರೆ ಬೆಂಗಳೂರಿನಲ್ಲಿ ಹಗಲು ಉಳಿಯುವುದು ಸುಮಾರು 10 ಗಂಟೆ. ಗಂಟೆಗೆ 150 ಮಿಲಿಲೀಟರ್, ಅಂದರೆ 30 ಮಿಲಿಲೀಟರಿನ ಚಿಕ್ಕ ಲೋಟದಲ್ಲಿ 12 ನಿಮಿಷಕ್ಕೊಮ್ಮೆ ಗುಟುಕರಿಸಿದರೆ ಲೆಕ್ಕ ಸರಿಹೋಗುತ್ತದೆ. ಊಟದ ಹೊತ್ತಿನ ಬಿಡುವನ್ನು ಹಾಲು, ಮಜ್ಜಿಗೆ, ಬೇಳೆಕಟ್ಟುಗಳು ತುಂಬಿಕೊಡುತ್ತವೆ. ಅವೂ ದ್ರವದ ಲೆಕ್ಕಕ್ಕೆ ಸೇರುತ್ತವೆ. ಸೋಸಿದ ನೀರಿನ ಮರ್ಯಾದೆ 48 ನಿಮಿಷ ಮಾತ್ರ, ಕುದಿಸಿದ ನೀರಿನದು 24 ಗಂಟೆ. ಆದುದರಿಂದ ಬೆಳಿಗ್ಗೆ ಇಮ್ಮಡಿಸಿದ ಬಟ್ಟೆಯಲ್ಲಿ ಸೋಸಿ, ಎರಡು ಲೀಟರು ನೀರು ಕುದಿಸಿ ಫ್ಲಾಸ್ಕಿನಲ್ಲಿಟ್ಟರೆ ಇಡೀ ದಿನಕ್ಕೆ ಸಾಕು. ಜಿನಮತದ ನೀರಿನ ನಿಯಮವೂ ರೋಗಿಯ ಆರೋಗ್ಯವೂ ಇಲ್ಲಿ ಒಂದೇ ಪಾತ್ರೆಯಲ್ಲಿ ಸಂಧಿಸುತ್ತವೆ.

ಆದರೂ ಆಸ್ಪತ್ರೆಯ ಮೊದಲ ದಿನಗಳಲ್ಲಿ ರಾತ್ರಿ ನೀರು ಅಥವಾ ಔಷಧ ಬೇಕಾಗಬಹುದು. ಕೆಲವರು ರಾತ್ರಿ ಅನ್ನವನ್ನು ಮಾತ್ರ ಬಿಟ್ಟಿರುತ್ತಾರೆ. ಕೆಲವರು ಔಷಧ ಜಲಗಳ ವಿನಾಯಿತಿಯಿಟ್ಟು ವ್ರತ ತೆಗೆದುಕೊಂಡಿರುತ್ತಾರೆ. ಕೆಲವರದು ನಾಲ್ಕೂ ಆಹಾರಗಳ ಪೂರ್ಣ ತ್ಯಾಗ. ತನ್ನದು ಯಾವುದೆಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಪೂರ್ಣ ತ್ಯಾಗಿಗಳು ಶಸ್ತ್ರಕ್ರಿಯೆಯ ದಿನ ಗೊತ್ತಾದೊಡನೆ, ವ್ರತ ಕೊಟ್ಟ ಮುನಿಗಳ ಅಥವಾ ಆರ್ಯಿಕೆಯರ ಸನ್ನಿಧಿಗೆ, ಅವರು ವಿಹಾರದಲ್ಲಿದ್ದರೆ ಶ್ರವಣಬೆಳಗೊಳ, ಹೊಂಬುಜ, ಮೂಡುಬಿದಿರೆಯಂತಹ ಕ್ಷೇತ್ರಗಳ ಭಟ್ಟಾರಕರ ಸನ್ನಿಧಿಗೆ ಹೋಗಿ, ವೈದ್ಯರ ಮಾತನ್ನು ಮುಚ್ಚಿಡದೆ ನಿವೇದಿಸಿ, ಎಷ್ಟು ದಿನ ಯಾವುದಕ್ಕೆ ಅನುಮತಿ, ಬಳಿಕ ಪ್ರಾಯಶ್ಚಿತ್ತವೇನು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ, ಜೀವಾವಧಿಯದನ್ನು ಯಮವೆಂದೂ ಭೇದ ಮಾಡಿದ್ದಾರೆ. ಗುರುವಿನ ಮುಂದೆ ಮೊದಲೇ ಪಡೆದ ಅನುಮತಿಯಿಂದ ಮನಸ್ಸು ನಿಶ್ಶಲ್ಯವಾಗುತ್ತದೆ. ಅರ್ಧರಾತ್ರಿಯಲ್ಲಿ ದಾದಿಯ ಕೈಯ ನೀರನ್ನು ಅಳುತ್ತ ಕುಡಿಯುವುದೂ ಬೇಡ, ಬಾಯಾರಿಕೆಯನ್ನು ಮರೆಮಾಚಿ ದೇಹವನ್ನು ಒಣಗಿಸುವುದೂ ಬೇಡ.

ಔಷಧದ ವಿಷಯದಲ್ಲಿಯೂ ಮುಂಚಿತವಾಗಿ ಕೇಳಿದರೆ ದಾರಿಯಿದೆ. ಮೆತ್ತಗಿನ ಕ್ಯಾಪ್ಸೂಲುಗಳ ಹೊರಕವಚವನ್ನು ಸಾಮಾನ್ಯವಾಗಿ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಾಟಿನ್‌ನಿಂದ ಮಾಡುತ್ತಾರೆ. ಸಸ್ಯಜನ್ಯ ಕವಚದವೂ, ಕವಚವಿಲ್ಲದ ಮಾತ್ರೆಗಳೂ ದೊರೆಯುತ್ತವೆ. ಡಿ3 ಜೀವಸತ್ತ್ವವನ್ನು ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಕಲ್ಲುಹೂವಿನ ಜಾತಿಯಿಂದ ಮಾಡಿದುದೂ ಉಂಟು. ಬಿ12 ಜೀವಸತ್ತ್ವವನ್ನು ಸೂಕ್ಷ್ಮಜೀವಿಗಳ ಮೂಲಕ ಉತ್ಪಾದಿಸುತ್ತಾರೆ. ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆಯಿರುವ ಇದು ಶಸ್ತ್ರಕ್ರಿಯೆಯ ನಂತರ ಇನ್ನೂ ಕಡಿಮೆಯಾಗುವುದರಿಂದ ಬಿಡುವಂತಿಲ್ಲ. ಕಬ್ಬಿಣ ಮತ್ತು ಸುಣ್ಣದ ಮಾತ್ರೆಗಳ ನಡುವೆ ಕನಿಷ್ಠ 2 ಗಂಟೆ ಅಂತರವಿರಬೇಕು. ಬೆಳಿಗ್ಗೆ ಕಬ್ಬಿಣ, 10 ಗಂಟೆಗೆ, 1 ಗಂಟೆಗೆ, 4 ಗಂಟೆಗೆ ಸುಣ್ಣ ಎಂದು ವೈದ್ಯರ ಒಪ್ಪಿಗೆಯಿಂದ ಹೊಂದಿಸಿದರೆ ಎಲ್ಲವೂ ಹಗಲಿನೊಳಗೇ ಮುಗಿಯುತ್ತದೆ. ಇವು ಜೀವನಪರ್ಯಂತ ತೆಗೆದುಕೊಳ್ಳಬೇಕಾದವು. ನಿತ್ಯ ದೇವದರ್ಶನದಂತೆ ತಪ್ಪದೆ ಮಾಡಬೇಕಾದ ಕರ್ತವ್ಯವೆಂದು ಇದನ್ನು ಯಮದಂತೆ ಸ್ವೀಕರಿಸಬೇಕು.

ಇನ್ನು ಅತಿಮುಖ್ಯವಾದ ಎಚ್ಚರಿಕೆ. ಶಸ್ತ್ರಕ್ರಿಯೆಯಾದ ಬಳಿಕ ಹಸಿವು ಕುಗ್ಗುತ್ತದೆ. ಉಪವಾಸದಲ್ಲಿ ಪಳಗಿದ ಶ್ರಾವಕಿಗೆ, ಏನೂ ತಿನ್ನದೆ ಇರುವುದು ಆಗ ಬಹಳ ಸುಲಭವೆನ್ನಿಸುತ್ತದೆ. ಅಷ್ಟಮಿ ಬಂದಿತು, ಚತುರ್ದಶಿ ಬಂದಿತು, ಹೇಗೂ ಹಸಿವಿಲ್ಲ, ಉಪವಾಸವೇ ಆಗಿಹೋಗಲಿ ಎಂಬ ಆಸೆ ಹುಟ್ಟುತ್ತದೆ. ಇದು ಮಾರಕವಾಗಬಲ್ಲದು. ನೀರು ಸಾಲದೆ ಹೋದರೆ ಮೂತ್ರಪಿಂಡಗಳು ದುರ್ಬಲವಾಗುತ್ತವೆ. ವಾಂತಿ ನಿಲ್ಲದೆ, ಆಹಾರ ಸೇರದೆ ಕೆಲವು ವಾರ ಕಳೆದರೆ ಬಿ1 ಜೀವಸತ್ತ್ವ ಬರಿದಾಗಿ ದೃಷ್ಟಿ, ನಡಿಗೆ, ನೆನಪು ಕೆಡುವ ಮೆದುಳಿನ ರೋಗ ಬರಬಲ್ಲದು. ತಡವಾದರೆ ಅದು ಪೂರ್ತಿ ವಾಸಿಯಾಗದು. ಗುಟುಕು ನೀರೂ ನಿಲ್ಲದಿದ್ದರೆ, ಜ್ವರ, ತೀವ್ರ ಹೊಟ್ಟೆನೋವು, ವೇಗವಾದ ಎದೆಬಡಿತ ಕಂಡರೆ ಅದನ್ನು ವ್ರತದ ಲೆಕ್ಕಕ್ಕೆ ಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ಆಚಾರ್ಯರು "ಶಕ್ತಿತಃ" ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶಕ್ತಿಯನ್ನು ಬಚ್ಚಿಡುವುದು ಎಷ್ಟು ದೋಷವೋ ಶಕ್ತಿ ಮೀರುವುದೂ ಅಷ್ಟೇ ದೋಷ. ಷೋಡಶಕಾರಣ ವ್ರತವನ್ನು ವರ್ಷವರ್ಷವೂ ಆಚರಿಸುವವರು ಈ ಒಂದು ಪದವನ್ನು ಮರೆಯಬಾರದು.

ಆದುದರಿಂದ ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವೈದ್ಯರು ಕೊಟ್ಟರೆ, ಮೊದಲ ಎರಡು ತಿಂಗಳು ಭಾದ್ರಪದದ ಪರ್ವಕಾಲಕ್ಕೆ ಬೀಳದಂತೆ ನೋಡಿಕೊಳ್ಳುವುದು ಸೂಕ್ತ. ಬಿದ್ದರೂ ಚಿಂತೆಯಿಲ್ಲ. ಅನಶನ ಸಾಧ್ಯವಾಗದವರಿಗೆ ಸ್ವಾಧ್ಯಾಯವಿದೆ, ಸಾಮಾಯಿಕವಿದೆ, ಮೌನವಿದೆ, ಧ್ಯಾನವಿದೆ. ಅಭ್ಯಂತರ ತಪಗಳಿಗೆ ದೊಡ್ಡ ಜಠರದ ಅಗತ್ಯವಿಲ್ಲ. ಮುಂದೆ ಉಪವಾಸಕ್ಕೆ ಯಾವಾಗ ಶಕ್ತಿ ಬಂದಿತೆಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಲಿ, ಗುರುಗಳು ಅನುಮೋದಿಸಲಿ.

ಮನೆಯವರ ತಪಸ್ಸು ಬೇರೊಂದಿದೆ. ಅದು ವೈಯಾವೃತ್ಯ. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನ ಕಥೆಯನ್ನು ಸ್ಮರಿಸಬೇಕು. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಉಂಡ ಆಹಾರವನ್ನೆಲ್ಲ ವಾಂತಿ ಮಾಡಿದಾಗ, ರಾಜನೂ ರಾಣಿ ಪ್ರಭಾವತಿಯೂ ಹೇಸದೆ ತೊಳೆದು ಒರೆಸಿದರು. ತಾವು ಕೊಟ್ಟ ಆಹಾರದಲ್ಲಿಯೇ ಏನಾದರೂ ದೋಷವಿತ್ತೇನೋ ಎಂದು ತಮ್ಮನ್ನೇ ನಿಂದಿಸಿಕೊಂಡರು. ರೋಗಿಯ ಬಟ್ಟಲಿನಲ್ಲಿ ಅರ್ಧ ಉಳಿದರೆ ಗೊಣಗದಿರುವುದು, ಒಂದು ತುತ್ತು ಹೆಚ್ಚಿಗೆ ತಿನ್ನೆಂದು ಒತ್ತಾಯಿಸದಿರುವುದು, ಸ್ಥೂಲದೇಹವನ್ನು ಹಾಸ್ಯ ಮಾಡದಿರುವುದು, ಆ ಮನೆಯಲ್ಲಿ ನಿತ್ಯವೂ ನಡೆಯಬೇಕಾದ ಪೂಜೆ.

ದೃಷ್ಟಾಂತದ ಆ ಮನೆಯಲ್ಲಿ ಅತ್ತೆಯೇ ಮುಂದಾಗಿ ಬೇಳೆ ಆರಿಸಲು ಕುಳಿತು, "ನೀನು ಹೋಗಿ ಬಾ ಮಗಳೇ, ನೀರು ಕಾಯಿಸಿ ಇಡುವುದು ನನ್ನ ಪಾಲಿನದು" ಎಂದರೆ, ಸೊಸೆಯ ವ್ರತವೂ ಉಳಿಯಿತು, ಪ್ರಾಣವೂ ಉಳಿಯಿತು, ಅತ್ತೆಗೂ ತಪಸ್ಸು ಲಭಿಸಿತು. ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಹೊಳೆದ ವಿವೇಕ ಪ್ರತಿಯೊಂದು ಶ್ರಾವಕ ಗೃಹದ ಅಡುಗೆಮನೆಯಲ್ಲಿಯೂ ಬೆಳಗಲಿ. ರೋಗಿಗಳಿಗೆ ಆರೋಗ್ಯವೂ, ಸೇವಕರಿಗೆ ಸಹನೆಯೂ, ವ್ರತಿಗಳಿಗೆ ಶಕ್ತಿಗೆ ತಕ್ಕ ತ್ಯಾಗವೂ ಉಂಟಾಗಲಿ.